ಬೀಗರು ಕೊಟ್ಟ ಮಂತ್ರಿ

“ಇದು ಗೆಲುವಲ್ರೀ ಬೀಗರ, ಮೋಸ!”

ಶಂಕ್ರಪ್ಪನವರು ಹಾಗೆ ಕೂಗಿದ ರಭಸಕ್ಕೆ ಶಿರಸಿ ಪೇಟೆಯ ಕಾಗೆಗಳೆಲ್ಲ ಎದ್ದು ಯಲ್ಲಾಪುರಕ್ಕೆ ಹೋಗಿ ಕುಳಿತವು. ಈ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ವರ್ಷವೂ ಇಷ್ಟು ಗದ್ದಲವಾಗಿರಲಿಲ್ಲ. ಆದದ್ದಿಷ್ಟೇ. ಜಗಲಿಯ ಮೇಲಿನ ಚದುರಂಗದಲ್ಲಿ, ಮಗಳನ್ನು ಕೊಟ್ಟ ಮನೆಯ ಬೀಗರು, ಬನವಾಸಿಯ ಮಧುಕೇಶ್ವರಪ್ಪನವರು, ಮೊದಲು ಕುದುರೆ ಕೊಟ್ಟರು, ಆಮೇಲೆ ಮಂತ್ರಿಯನ್ನೇ ಕೊಟ್ಟರು. ಶಂಕ್ರಪ್ಪನವರ ಆನೆ ಮನೆಕಾವಲು ಬಿಟ್ಟು ಮಂತ್ರಿಯನ್ನು ಹೊಡೆಯಲು ಓಡಿತು. ಖಾಲಿ ಬಿದ್ದ ಹಿಂದಿನ ಸಾಲಿಗೆ ಬೀಗರ ಆನೆ ನುಗ್ಗಿತು. ರಾಜ ಓಡೋಣವೆಂದರೆ ಎದುರಿಗೆ ತನ್ನದೇ ಕಾಲಾಳುಗಳ ಗೋಡೆ! ಆಟ ಹೋಯಿತು, ಪಣವೂ ಹೋಯಿತು. ಪಣವೆಂದರೆ, ಇವತ್ತು ತೊಟ್ಟಿಲಿಗೆ ಹಾಕುವ ಮೊಮ್ಮಗನಿಗೆ ಗೆದ್ದವರ ಅಪ್ಪನ ಹೆಸರು.

ಮಧುಕೇಶ್ವರಪ್ಪ: ಮೋಸ ಎಲ್ಲೈತ್ರಿ? ಹಾಡಾಹಗಲಽ ನಿಮ್ಮ ಕಣ್ಣ ಮುಂದ ಮಂತ್ರೀನ ಇಟ್ಟೆ.

ಶಂಕ್ರಪ್ಪ: ಅದಽ ಮೋಸ! ಬೀಗರು ಕೊಟ್ಟದ್ದು ಬ್ಯಾಡ ಅಂದ್ರ ಅಪಮಾನ. ಮದುವ್ಯಾಗ ನೀವು ಕೊಟ್ಟ ಆ ಕುಂಬಳಕಾಯಿ ಬಣ್ಣದ ರುಮಾಲು ಸೈತ ಬ್ಯಾಡ ಅನ್ನಲಿಲ್ಲ ನಾನು.

ಮಧುಕೇಶ್ವರಪ್ಪ: ಸುತ್ತಿಕೊಂಡದ್ದು ಮಾತ್ರ ಯಾರೂ ನೋಡಿಲ್ಲ.

ಶಂಕ್ರಪ್ಪ: ಎತ್ತು ಬೆದರ್ತಾವ್ರಿ!

ಮಧುಕೇಶ್ವರಪ್ಪ: ಹಂಗಂದ್ರ ಮರ್ಯಾದಿಗೆ ನನ್ನ ಮಂತ್ರೀನ ಹೊಡದ್ರಿ?

ಶಂಕ್ರಪ್ಪ: ಮತ್ತ! ವಾಸನಿ ಬಡದಿತ್ತು ನನಗ. ಆದ್ರೂ ಸಂಬಂಧ ಉಳೀಲಿ ಅಂತ ಹೊಡದೆ.

ಮಧುಕೇಶ್ವರಪ್ಪ: ಹೊಡಿಯೋವಾಗ ತೊಡಿ ತಟ್ಟಿ, ‘ಸಂತ್ಯಾಗ ಬುದ್ಧಿ ಸಿಕ್ರ ಎರಡು ಸೇರು ಬನವಾಸಿಗೆ ಒಯ್ರಿ’ ಅಂದ್ರಲ್ಲ, ಅದೂ ಸಂಬಂಧ ಉಳಸಾಕ?

ಶಂಕ್ರಪ್ಪನವರು ಕೆಮ್ಮಿದರು. ಮಂತ್ರಿ ಕೈಗೆ ಸಿಕ್ಕ ಆ ಗಳಿಗೆಯಲ್ಲಿ ಅವರು ಮನಸ್ಸಿನಲ್ಲೇ ಕೂಸಿಗೆ ತಮ್ಮಪ್ಪ ಗದಿಗೆಪ್ಪನ ಹೆಸರಿಟ್ಟು, ಸಾಲೆಗೆ ಕಳಿಸಿ, ಮಾಮಲೇದಾರನನ್ನಾಗಿ ಮಾಡಿ, ಅವನೆದುರು ಬೀಗರನ್ನು ಕೈಕಟ್ಟಿ ನಿಲ್ಲಿಸಿಯೂ ಆಗಿತ್ತು.

ಶಂಕ್ರಪ್ಪ: ಇನ್ನೊಂದು ಆಟ ಹೂಡ್ರಿ.

ಮಧುಕೇಶ್ವರಪ್ಪ: ಸತ್ತ ರಾಜ ಎದ್ದು ಬರ್ತಾನೇನು? ನಮ್ಮಪ್ಪ ದ್ಯಾಮಪ್ಪ, ಮೊಮ್ಮಗನೂ ದ್ಯಾಮಪ್ಪ.

ಶಂಕ್ರಪ್ಪ: ನಿಮ್ಮಪ್ಪನ ಗೊರಕಿಗೆ ಬನವಾಸಿಯಿಂದ ಸೊರಬದ ತನಕ ಯಾರೂ ನಿದ್ದಿ ಮಾಡ್ಲಿಲ್ಲಂತ. ಹೆಸರಿನ ಜೋಡಿ ಗೊರಕೀನೂ ಬಂದ್ರ?

ಮಧುಕೇಶ್ವರಪ್ಪ: ಬರ್ಲಿ. ಬಾಣಂತನ ಮುಗಿಯೋ ತನಕ ಕೂಸು ನಿಮ್ಮ ಮನ್ಯಾಗಽ ಇರತೈತಿ.

ಅಷ್ಟರಲ್ಲಿ ಶಂಕ್ರಪ್ಪನವರ ಹೆಂಡತಿ ಪಾರ್ವತವ್ವ ಗುಗ್ಗರಿಯ ತಟ್ಟೆ ಹಿಡಿದು ಹೊರಗೆ ಬಂದರು.

ಪಾರ್ವತವ್ವ: ಗುಗ್ಗರಿ ತಗೋರ್ರಿ. ಕೂಸನ್ನ ತೊಟ್ಟಿಲಿಗೆ ಹಾಕಿದ್ವಿ. ಸೋದರತ್ತಿ ಕಿವ್ಯಾಗ ಹೆಸರೂ ಹೇಳಿ ಆತು. ಕಮಲಾಕರ.

ಮಧುಕೇಶ್ವರಪ್ಪ: ಕಮಲಾಕರ? ಅದು ಯಾರಪ್ಪನ ಹೆಸರು?

ಪಾರ್ವತವ್ವ: ಯಾರಪ್ಪಂದೂ ಅಲ್ಲ. ಅದಕ್ಕಽ ಇಟ್ವಿ.

ಶಂಕ್ರಪ್ಪ: ಅಜ್ಜಂದಿರು ಜಗಲಿ ಮ್ಯಾಲ ಜೀವಂತ ಕುಂತಿರೋವಾಗ!

ಪಾರ್ವತವ್ವ: ನೀವು ಕುಂತಿರ್ಲಿ ಅಂತಽ ಕುಂದ್ರಿಸಿದ್ದು. ಲಗ್ನ ಆದಾಗಿಂದ ಈ ಚದುರಂಗದ ಹಲಗಿ ಕಂಡ್ರ ಒಲಿಗೆ ಹಾಕ್ತೀನಿ ಅಂತಿದ್ದೆ. ಇವತ್ತ ನಾನಽ ಒರಸಿ, ಚಾಪಿ ಹಾಸಿ, ಚಹಾದ ಮ್ಯಾಲ ಚಹಾ ಕೊಟ್ಟೆ. ಇಷ್ಟು ದೊಡ್ಡ ಆಟಗಾರರು, ಒಬ್ಬರಿಗಾದ್ರೂ ಸಂಶಯ ಬಂತಾ?

ಪಾರ್ವತವ್ವ ಒಳಗೆ ಹೋದರು. ಬೀಗರಿಬ್ಬರೂ ಬಹಳ ಹೊತ್ತು ಗುಗ್ಗರಿ ಅಗಿದರು. ಮೆಲ್ಲಗೆ ಶಂಕ್ರಪ್ಪನವರ ಮುಖ ಅರಳಿತು.

ಶಂಕ್ರಪ್ಪ: ಅಯ್ಯ ಪಾಪ… ನಿಮ್ಮ ಮಂತ್ರಿ ಸುಮ್ಮಸುಮ್ಮನ ಸತ್ತನಲ್ರೀ ಬೀಗರ!