ಬೈಯುವವರಿಲ್ಲದ ಎರಡೂವರೆ ತಿಂಗಳು

ಬೈಸಿಕೊಳ್ಳದೆ ಬದುಕುವುದು ನನಗೆ ಬರುವುದಿಲ್ಲ. ಇದನ್ನು ಹೆಮ್ಮೆಯಿಂದಲ್ಲ, ಸಂಕೋಚದಿಂದಲೇ ಹೇಳುತ್ತಿದ್ದೇನೆ. ನಾನು ಕೊಪ್ಪದ ಕಡೆಯ ಒಂದು ಸಣ್ಣ ನಾಲೆಯ ನೀರುಗಂಟಿ. ಯಾರ ಗದ್ದೆಗೆ ಯಾವಾಗ ತೂಬು ಎತ್ತಬೇಕು, ಯಾವಾಗ ಇಳಿಸಬೇಕು ಅನ್ನುವುದು ನನ್ನ ಕೈಯಲ್ಲಿರುವುದರಿಂದ, ಮೇಲಿನ ಗದ್ದೆಯವರು ನೀರು ಹೆಚ್ಚಾಯಿತೆಂದು, ಕೆಳಗಿನವರು ಕಡಿಮೆಯಾಯಿತೆಂದು ನನ್ನನ್ನು ಬೈಯುತ್ತಾರೆ. ಸರಿಯಾಗಿ ಸಿಕ್ಕವರು ಬೈಯುವುದಿಲ್ಲ ಅಂದುಕೊಂಡಿರಾ? ಪಕ್ಕದವನಿಗೂ ಸಿಕ್ಕಿತಲ್ಲ ಎಂದು ಅವರೂ ಬೈಯುತ್ತಾರೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಇದು ನನಗೆ ಬೆಳಗಿನ ಕಾಫಿಯಷ್ಟೇ ಅಭ್ಯಾಸವಾಗಿದೆ.

ಭತ್ತದ ಕೊಯ್ಲು ಮುಗಿದು ಚಳಿ ಹಿಡಿದರೆ ನಾಲೆ ನಿಲ್ಲಿಸುತ್ತಾರೆ. ಅವರೆಕಾಯಿ ಕಾಲವೆಲ್ಲ ನನಗೆ ರಜ. ಈ ಸಲ ನಾಲೆ ರಿಪೇರಿ ಅಂತ ಆ ರಜ ಎರಡೂವರೆ ತಿಂಗಳಿಗೆ ಎಳೆಯಿತು. ಊರಿಗೆ ಊರೇ ಸಜ್ಜನರದಾಗಿಬಿಟ್ಟಿತು. "ಲೇ" ಅನ್ನುತ್ತಿದ್ದವರೆಲ್ಲ "ಬನ್ನಿ ಅಣ್ಣ, ಕಾಪಿ ಕುಡ್ಕೊಂಡ್ ಓಗಿ" ಅನ್ನತೊಡಗಿದರು. ಆ 'ಅಣ್ಣ' ಕೇಳಿದಾಗಲೆಲ್ಲ, ಈಗ ನಾನು ಯಾರಿಗೂ ಬೇಕಾಗಿಲ್ಲ ಅನ್ನುವುದು ನೆನಪಾಗಿ ಕಾಫಿ ಕಹಿಯಾಗುತ್ತಿತ್ತು. ಸುಮ್ಮನೆ ಕೂರಲಾರದೆ ಮನೆಯ ಒಂದೇ ಒಂದು ಕೊಳಾಯಿಗೆ ಸರದಿ ಹಾಕಿದೆ. ಪಾತ್ರೆಗೆ ಬೆಳಿಗ್ಗೆ, ಬಟ್ಟೆಗೆ ದಿನ ಬಿಟ್ಟು ದಿನ. ಒಮ್ಮೆ ಹೆಂಡತಿ ಜಯಮ್ಮ ಸೋಪು ಹಚ್ಚಿದ ಸೀರೆ ಹಿಡಿದು ನಿಂತಿರುವಾಗಲೇ ನಲ್ಲಿ ತಿರುಗಿಸಿಬಿಟ್ಟೆ. ಬೇರೆ ಕಾಲವಾಗಿದ್ದರೆ ನಮ್ಮ ಗಲಾಟೆ ಬೀದಿ ಸೇರುತ್ತಿತ್ತು. ಅವಳು ನನ್ನ ಮುಖವನ್ನೊಮ್ಮೆ ನೋಡಿ, "ಆಗ್ಲಿ ಬುಡಿ, ನಾಳೀಕೆ ಒಗುದ್ರಾಯ್ತು" ಅಂದಳು. ಕಾಯಿಲೆಯವರ ಹತ್ತಿರ ಮಾತಾಡುವ ದನಿ ಅದು.

ಸುಳ್ಳು ಯಾಕೆ ಹೇಳಲಿ, ಕಾಯಿಲೆಯೇ ಆಗಿತ್ತು. ದಿನಾ ಬೆಳಿಗ್ಗೆ ಒಣಗಿದ ನಾಲೆಯ ಏರಿ ಮೇಲೆ ಹೋಗಿ ಕೂರುತ್ತಿದ್ದೆ. ತೂಬು ತಿರುಗಿಸುವ ಕಬ್ಬಿಣದ ಹ್ಯಾಂಡಲ್ಲಿಗೆ ಮನೆಯ ಕೊಬ್ಬರಿ ಎಣ್ಣೆ ತಂದು ಸವರುತ್ತಿದ್ದೆ. ಒಣಮಣ್ಣಿಗೆ ಮೊದಲ ನೀರು ಬಿದ್ದಾಗ ಬರುವ ವಾಸನೆ, ತೂಬಿನ ಬಾಯಲ್ಲಿ ಅದರ ಸದ್ದು, ದೂರದ ಬದುವಿನಿಂದ ಯಾರೋ ನನ್ನನ್ನು ಕೂಗುವುದು, ಎಲ್ಲದಕ್ಕೂ ಜೀವ ಹಂಬಲಿಸುತ್ತಿತ್ತು. ಎಲ್ಲರಿಗಿಂತ ಹೆಚ್ಚಾಗಿ ನೆನಪಾಗುತ್ತಿದ್ದವಳು ಪುಟ್ಟತಾಯಕ್ಕ. ನಾಲೆಯ ಕಟ್ಟಕಡೆಯ ಗದ್ದೆ ಅವಳದು. ಪ್ರತಿ ವರ್ಷ ಮೊದಲ ನೀರಿನ ಜೊತೆ ನಾನು ಅಲ್ಲಿ ಮುಟ್ಟುವ ಹೊತ್ತಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದಳು. "ಈಗ್ ಬಂದ್ಯೇನ್ಲಾ? ನೀರ್ ಬುಡು ಅಂದ್ರೆ ತೀರ್ಥ ಕೊಟ್ಟಂಗ್ ಕೊಡ್ತೀಯಲ್ಲ, ನಿನ್ ಕೈ ಸೇದೋಗ!" ಇದು ಮುಗಿದ ಮೇಲೆಯೇ ನನ್ನ ವರ್ಷ ಶುರುವಾಗುತ್ತಿದ್ದದ್ದು.

ಒಂದು ದಿನ ಜಯಮ್ಮ ಸಂತೆಯಿಂದ ಬಂದವಳು, "ಪುಟ್ಟತಾಯಕ್ಕ ಬೋರ್ ಆಕ್ಸವ್ಳಂತೆ. ಇನ್ಮ್ಯಾಕೆ ಆ ನೀರ್‌ಗಂಟಿ ಮುಸುಡಿ ನೋಡೋದ್ ತಪ್ತು ಅಂತಿದ್ಲು" ಅಂದಳು. ಅಂದು ನನಗೆ ಒಂದು ಮುದ್ದೆಯೂ ಸೇರಲಿಲ್ಲ.

ಕೊನೆಗೂ ಬೇಸಿಗೆ ಬೆಳೆಗೆ ನಾಲೆ ಬಿಟ್ಟರು. ನೀರು ಬಿಟ್ಟ ಮೊದಲ ದಿನ ನೀರುಗಂಟಿ ನೀರಿನ ಮುಂದೆ ಮುಂದೆ ನಡೆಯುತ್ತ ಅಡ್ಡ ಸಿಕ್ಕ ಕಬ್ಬಿನ ಸೋಗೆ, ಬಾಟಲಿ, ಒಂಟಿ ಚಪ್ಪಲಿಗಳನ್ನೆಲ್ಲ ಎಳೆದು ಹಾಕಬೇಕು. ಅವರೆಕಾಳಿನ ಸಾರು ಉಂಡು ಕೂತಿದ್ದ ಮೈ ಬಗ್ಗಲೊಲ್ಲದು. ಎರಡು ಸಲ ನೀರು ನನ್ನನ್ನು ದಾಟಿ ಹೋಯಿತು. ಏರಿಯ ಮೇಲಿದ್ದ ಒಬ್ಬ, "ನೀರೇ ನಿನ್ಗಿಂತ ಮುಂದ್ ಓಯ್ತಾದಲ್ಲೋ, ಅದ್ನೇ ನೀರ್‌ಗಂಟಿ ಮಾಡ್ಬುಡಾನ" ಅಂದ. 'ಅಣ್ಣ' ಹೋಗಿ 'ಲೋ' ಬಂದದ್ದಕ್ಕೆ ಏದುಸಿರಿನಲ್ಲೂ ನನಗೆ ಸಮಾಧಾನವಾಯಿತು.

ಕೊನೆಯ ಗದ್ದೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಬದುವಿನ ಮೇಲೆ ಯಾರೂ ಇರಲಿಲ್ಲ. ಬೋರಿನ ಮೋಟಾರು ತನ್ನಷ್ಟಕ್ಕೆ ಓಡುತ್ತಿತ್ತು, ಅವಳ ಗದ್ದೆಯ ಮೇಲಿನ ಮಡಿಯಲ್ಲಿ ಆಗಲೇ ನೀರು ನಿಂತಿತ್ತು. ಪುಟ್ಟತಾಯಕ್ಕನಿಗೆ ನಾನು ನಿಜವಾಗಿಯೂ ಬೇಡವಾಗಿದ್ದೆ. ಆದರೂ ಕೆಳಗಿನ ಮಡಿಗೆ ತೂಬನ್ನು ಪೂರ್ತಿ ಎತ್ತಿದೆ. ಇದು ನನ್ನ ಕರ್ತವ್ಯ ಅಂತ ಆಗ ಹೇಳಿಕೊಂಡೆ. ನಿಜವಾಗಿ, ನಾಲೆ ನೀರು ನೋಡಿಯಾದರೂ ಅವಳ ಮನಸ್ಸು ತಿರುಗೀತು ಅನ್ನುವ ಆಸೆ. ನೀರು ಹರಿಯುವ ಚಂದ ನೋಡುತ್ತ ನಿಂತವನು, ಆ ಮಡಿಯಲ್ಲಿ ಅವಳು ಹುರುಳಿ ಗಿಡ ಕಿತ್ತು ಒಣಗಲು ಹರಡಿದ್ದನ್ನು ನೋಡಲಿಲ್ಲ. ಗಿಡಗಳು ತೇಲತೊಡಗಿದಾಗ ನೋಡಿದೆ.

"ಅಯ್ಯೋ ನನ್ ಉಳ್ಳಿ!" ಮೋಟಾರು ಮನೆಯ ಹಿಂದಿನಿಂದ ಪುಟ್ಟತಾಯಕ್ಕ ಓಡಿಬಂದಳು. "ಬೇಕಾದಾಗ ಒಂದ್ ಚೊಂಬು ಬುಡ್ನಿಲ್ಲ, ಬ್ಯಾಡ ಅಂದಾಗ ಒಳೆನೇ ತಂದ್ ನುಗ್ಸಿದ್ದೀಯಲ್ಲೋ! ಕಣ್ ಕಾಣಾಕಿಲ್ವೇನ್ಲಾ? ನಿನ್ ಕೈ ಸೇದೋಗ!" ಓಡಿ ತೂಬು ಇಳಿಸಿದೆ. ಇಬ್ಬರೂ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಒಂದೊಂದೇ ಹಿಡಿ ಹುರುಳಿ ಗಿಡ ಬಾಚಿ ಬದುವಿಗೆ ಹಾಕಿದೆವು. ಕೊನೆಯ ಹಿಡಿಯವರೆಗೂ ಅವಳು ಬೈಯುವುದು ನಿಲ್ಲಿಸಲಿಲ್ಲ. ಒಂದು ಬೈಗುಳವೂ ತಪ್ಪದಂತೆ ಕಿವಿಗೊಟ್ಟೇ ನಾನು ಬಾಚಿದೆ. ಹೊರಟಾಗ ಹಿಂದಿನಿಂದ ಕೂಗಿದಳು: "ಬೋರ್ ನೀರು ಬರೀ ಉಪ್ಪು ಕಣ್ಲಾ, ಪೈರೆಲ್ಲ ಕೆಂಪಾಯ್ತಾವೆ. ನಾಡಿದ್ದು ನನ್ ಸರದಿ. ತಪ್ಪಿಸ್ದೋ, ನಿನ್ ಮನೆ ಬಾಗ್ಲಿಗೇ ಬಂದ್ ಉಗೀತೀನಿ!"

ಮನೆಗೆ ಹೇಗೆ ಬಂದೆನೋ ತಿಳಿಯದು. ಒದ್ದೆ ಪಂಚೆಯಲ್ಲೇ ನಡುಮನೆಯಲ್ಲಿ ನಿಂತು, ಒಂದು ಬೈಗುಳವನ್ನೂ ಬಿಡದೆ ಜಯಮ್ಮನಿಗೆ ಒಪ್ಪಿಸಿದೆ. ಅವಳು ಪೂರ್ತಿ ಕೇಳಿದಳು. ಸಾರಿಸಿದ ನೆಲದ ಮೇಲಿನ ನನ್ನ ಕೆಸರು ಹೆಜ್ಜೆಗಳನ್ನು ನೋಡಿದಳು. "ಪಾಪ, ಕೊರಗ್ತಾವ್ರಲ್ಲ ಅಂತ ನಾನು ಎರಡೂವರೆ ತಿಂಗ್ಳು ಬಾಯ್ ಕಟ್ಕೊಂಡಿವ್ನಿ. ಬೈಸ್ಕೊಳಕ್ಕೆ ಆಸೆ ಆಗೈತೆ ಅಂತ ಮೊದ್ಲೇ ಯೋಳ್ಬಾರ್ದಾಗಿತ್ತಾ?" ಅಂದವಳೇ, ಆ ಸೋಪು ಹಚ್ಚಿದ ಸೀರೆಯಿಂದ ಶುರು ಮಾಡಿದಳು. ಖಾಲಿಯಾದ ಕೊಬ್ಬರಿ ಎಣ್ಣೆ ಡಬ್ಬಿಗೆ ಬರುವ ಹೊತ್ತಿಗೆ ಅಕ್ಕಪಕ್ಕದವರೂ ಬಾಗಿಲಿಗೆ ಬಂದಿದ್ದರು. ನಾನು ಕೆಸರು ಕಾಲಿನಲ್ಲೇ ನಿಂತು ಕೇಳಿಸಿಕೊಂಡೆ. ಇಷ್ಟು ವರ್ಷ ನೀರುಗಂಟಿಯಾಗಿದ್ದೇನೆ, ಆ ತೂಬನ್ನು ಇಳಿಸುವ ಹ್ಯಾಂಡಲ್ಲು ಮಾತ್ರ ನನಗೆ ಇವತ್ತಿಗೂ ಸಿಕ್ಕಿಲ್ಲ.