ಫೋನಿಗೆ ಮುಂಚೆ ಮುಖ ತೋರಿಸಿ

ನಿಯಮ ಮುರಿಯುವವರನ್ನು ನಿಭಾಯಿಸುವುದು ನನಗೆ ಗೊತ್ತು. ನಿಯಮವನ್ನು ನನಗಿಂತ ಕಟ್ಟುನಿಟ್ಟಾಗಿ ಪಾಲಿಸುವವರು ಎದುರಾದರೆ ಏನು ಮಾಡಬೇಕೆಂದು ನನ್ನ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲೂ ಕಲಿಸಲಿಲ್ಲ, ಪಶುವೈದ್ಯ ಕಾಲೇಜಿನಲ್ಲೂ ಕಲಿಸಲಿಲ್ಲ. ಕೊಳ್ಳೇಗಾಲದ ನನ್ನ ಕ್ಲಿನಿಕ್ಕಿಗೆ ಹನೂರು, ಯಳಂದೂರು ಕಡೆಯಿಂದ ಫೋನು ಬರುವಷ್ಟು ಕಾಲ ಅಂಥವರು ಎದುರಾಗುತ್ತಲೇ ಇರುತ್ತಾರೆ.

ದೂರದಿಂದಲೇ ದನಗಳಿಗೆ ಔಷಧಿ ಹೇಳುವುದರ ಬಗ್ಗೆ ಬೇರೆ ದೇಶಗಳಲ್ಲಿ ಏನೇನು ಕಾನೂನುಗಳಿವೆ ಎಂದು ಓದಿದೆ. ನಮ್ಮಲ್ಲಿ ಎಲ್ಲವೂ ಸ್ಪಷ್ಟವಾಗುವವರೆಗೆ ಕಾಯುವುದು ಸರಿಯಲ್ಲವೆನಿಸಿತು. ಕ್ಲಿನಿಕ್ಕಿನಲ್ಲೂ, ವಾರಕ್ಕೊಮ್ಮೆ ಕೂರುವ ರಾಮಾಪುರದ ಕೋಣೆಯಲ್ಲೂ ಬೋರ್ಡು ಹಾಕಿಸಿದೆ. ಒಂದು: ನಾನು ಖುದ್ದಾಗಿ ಪರೀಕ್ಷಿಸಿರದ ಪ್ರಾಣಿಗೆ ಫೋನಿನಲ್ಲಿ ಔಷಧಿ ಇಲ್ಲ. ಎರಡು: ಮಾತಾಡುವಾಗ ಪ್ರಾಣಿ ಕ್ಯಾಮೆರಾದ ಎದುರಿಗಿರಬೇಕು. ಮೂರು: ವೈದ್ಯ ಮೊದಲು ತನ್ನ ನೋಂದಣಿ ಸಂಖ್ಯೆ ಹೇಳಬೇಕು, ಹೇಳದವನ ಮಾತು ಕೇಳಬೇಡಿ. ಕೆಳಗೆ ನನ್ನ ಸಂಖ್ಯೆಯನ್ನೂ ಬರೆಸಿದೆ.

೧. ರಸ್ತೆಯಲ್ಲಿ ಮಲಗಿದ್ದ ಎಮ್ಮೆ

ಮೊದಲ ಫೋನು ಕಾಮಗೆರೆಯಿಂದ. ಎಮ್ಮೆ ಮೇವು ಬಿಟ್ಟಿತ್ತು.

"ನಾನು ಆ ಎಮ್ಮೆಯನ್ನು ಪರೀಕ್ಷಿಸಿಲ್ಲ," ಎಂದೆ.

"ಪರೀಕ್ಷೆ ಮಾಡಿದ್ದೀರಿ ಸಾ. ಓದ ವರ್ಷ ನಮ್ಮೂರ ರಸ್ತೆ ಮಧ್ಯ ಮಲಗಿತ್ತು. ನೀವು ಆರನ್ ಒಡುದ್ರಿ, ಏಳ್ನಿಲ್ಲ. ಕಾರಿಂದ ಇಳುದ್ರಿ."

"ಇಳಿದದ್ದು ಪರೀಕ್ಷೆಯಾಗುವುದಿಲ್ಲ."

"ಕಣ್ಣು ನೋಡುದ್ರಿ, ಕಿವಿ ಮುಟ್ಟುದ್ರಿ, ಒಟ್ಟೆ ಮ್ಯಾಲೆ ಕೈ ಮಡಗುದ್ರಿ. 'ಆರೋಗ್ಯ ಚೆನ್ನಾಗಿದೆ, ಇದಕ್ಕಿರೋದು ಸೋಮಾರಿತನ' ಅಂದ್ರಿ ಸಾ."

ಡೈರಿ ತೆಗೆದು ನೋಡಿದೆ. ಆ ದಿನ ಆ ದಾರಿಯಲ್ಲಿ ಹೋಗಿದ್ದು ನಿಜ. ರೋಗ ನಿರ್ಣಯವೂ ನಿಜವೇ ಇರಬೇಕು.

೨. ಕೆಂಪಿಯ ಮುಖ ಪರಿಚಯ

ಒಂದು ವಾರ ರಾಮಾಪುರಕ್ಕೆ ಹೂಗ್ಯಂನ ಅಜ್ಜಿಯೊಬ್ಬರು ಸೊಸೆಯೊಂದಿಗೆ ಗೂಡ್ಸ್ ಆಟೋದಲ್ಲಿ ಹಸು ತಂದು ಇಳಿಸಿದರು. ಗಬ್ಬದ ಹಸು, ಹೆಸರು ಕೆಂಪಿ.

"ಏನಾಗಿದೆ?"

"ಏನೂ ಆಗಿಲ್ಲ ಸಾ."

"ಮತ್ತೆ ಅಷ್ಟು ದೂರದಿಂದ ಯಾಕೆ ತಂದಿರಿ?"

"ಮುಖ ತೋರ್ಸಕ್ಕೆ. ನಾಳೆ ಇದ್ಕೆ ಏನಾರ ಆಗಿ ಫೋನ್ ಮಾಡುದ್ರೆ ನೀವು 'ನೋಡಿಲ್ಲ' ಅನ್ನಬಾರ್ದಲ್ಲ."

ಇದರ ತಾಯಿ ಕರು ಹಾಕುವಾಗ ಯಾರೋ ಫೋನಿನಲ್ಲಿ ತಾನು ಡಾಕ್ಟ್ರು ಎಂದು ಹೇಳಿಕೊಂಡು ಏನೋ ಮದ್ದು ಹೇಳಿದ್ದನಂತೆ. ಹಸುವೂ ಹೋಯಿತು, ಕರುವೂ ಹೋಯಿತು. ಈಗ ಮನೆಯಲ್ಲಿ ಉಳಿದಿರುವುದು ಇದೊಂದೇ.

ನಾನು ಕೆಂಪಿಯನ್ನು ಕೊಂಬಿನಿಂದ ಬಾಲದವರೆಗೆ ಪರೀಕ್ಷಿಸಿ ಪುಸ್ತಕದಲ್ಲಿ ಬರೆದುಕೊಂಡೆ. "ಮುಗಿಯಿತು, ಹೋಗಿ ಬನ್ನಿ," ಎಂದೆ.

"ಎಲ್ಲಿ ಮುಗೀತು? ನೀವು ಅದ್ನ ನೋಡುದ್ರಿ. ಅದು ನಿಮ್ಮನ್ನ ನೋಡ್ಬ್ಯಾಡ್ವಾ? ಒಸಿ ಬಗ್ಗಿ ಸಾ."

ಬಗ್ಗಿದೆ. ಕೆಂಪಿ ನನ್ನ ಅಂಗಿಯನ್ನು ಕಾಲರಿನಿಂದ ಗುಂಡಿಯವರೆಗೆ ಮೂಸಿ, ಒಂದು ಸಲ ಜೋರಾಗಿ ಸೀನಿತು.

"ಸೋಪಿನ ವಾಸ್ನೆ ಜಾಸ್ತಿ," ಎಂದರು ಅಜ್ಜಿ. "ಇರ್ಲಿ, ಒಪ್ಕಂಡ್ತು."

ನಾನು ಓದಿದ ಯಾವ ದೇಶದ ಕಾನೂನಿನಲ್ಲೂ ಪ್ರಾಣಿಯ ಕಡೆಯಿಂದ ಪರಿಚಯವಾಗಬೇಕೆಂದು ಬರೆದಿರಲಿಲ್ಲ. ಬರೆಯಬೇಕಿತ್ತು.

ಮುಂದಿನ ವಾರ ರಾಮಾಪುರದಲ್ಲಿ ಒಂದೇ ಒಂದು ಕಾಯಿಲೆಯೂ ಇಲ್ಲದ ದನಗಳ ಸಾಲು ಪೊಲೀಸ್ ಠಾಣೆಯವರೆಗೆ ನಿಂತಿತ್ತು. ಪೇದೆ ಬಂದು, "ಏನ್ ಸಾರ್, ಇವೆಲ್ಲ ಯಾವ ಕೇಸು?" ಎಂದು ಕೇಳಿದ.

೩. ಸಿಗ್ನಲ್ ಹುಡುಕಿದ ಮೇಕೆ

ಯಳಂದೂರು ತಾಲ್ಲೂಕಿನ ಬೆಟ್ಟದ ಪೋಡಿನಿಂದ, ಅಂದರೆ ಕಾಡಿನ ಹಾಡಿಯಿಂದ, ಒಬ್ಬ ಹಿರಿಯರು ಫೋನ್ ಮಾಡಿದರು. ಮೇಕೆಗೆ ಹೊಟ್ಟೆ ಉಬ್ಬರ. ಆ ಮೇಕೆಯನ್ನು ಹಿಂದೆ ನೋಡಿದ್ದೆ, ಆದರೆ ಮಾತು ತುಂಡು ತುಂಡಾಗಿ ಕೇಳುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. "ಸಿಗ್ನಲ್ ಸಿಗುವ ಕಡೆ ಮೇಕೆಯನ್ನೂ ಕರೆದುಕೊಂಡು ಬನ್ನಿ. ಪ್ರಾಣಿ ಎದುರಿಗಿಲ್ಲದೆ ಹೇಳಲಾರೆ," ಎಂದೆ.

ಸಿಗ್ನಲ್ ಇದ್ದದ್ದು ಗುಡ್ಡದ ನೆತ್ತಿಯಲ್ಲಿ. ಅರ್ಧ ಗಂಟೆಯ ನಂತರ ಚಿತ್ರ ಬಂತು: ಹಿರಿಯರು ಏದುಸಿರು ಬಿಡುತ್ತಿದ್ದರು, ಮೇಕೆ ನಿಶ್ಚಿಂತೆಯಿಂದ ಸೊಪ್ಪು ಮೇಯುತ್ತಿತ್ತು.

"ಹತ್ತುವಾಗಲೇ ತೇಗಿ ತೇಗಿ ಹೊಟ್ಟೆ ಇಳೀತು," ಎಂದರು. "ಉಬ್ಬರಕ್ಕೆ ಗುಡ್ಡ ಹತ್ತಿಸು ಅಂತ ನಮ್ಮಜ್ಜನೂ ಹೇಳೋರು. ಸಿಗ್ನಲ್ ನೆಪ ಹೇಳಿ ಹತ್ತಿಸಿದ್ರಿ ನೋಡಿ, ನೀವು ಭಾರಿ ಡಾಕ್ಟ್ರು!"

ಮುಂಗಾಲು ಎತ್ತರದಲ್ಲಿದ್ದರೆ ಗಾಳಿ ಹೊರಡುತ್ತದೆಂದು ಪುಸ್ತಕದಲ್ಲಿದೆ. ಅವರ ಅಜ್ಜ ಪುಸ್ತಕವಿಲ್ಲದೆ ತಿಳಿದಿದ್ದರು. ನನಗೆ ಪುಸ್ತಕ ಓದಿಯೂ ಆ ಹೊತ್ತಿಗೆ ಹೊಳೆದಿರಲಿಲ್ಲ. ಆದರೂ ಹೊಗಳಿಕೆ ನನಗೇ ಬಂತು.

೪. ಕೊನೆಯ ಅಂಕೆ

ಒಂದು ಬೆಳಿಗ್ಗೆ ಹೂಗ್ಯಂನಿಂದ ವಿಡಿಯೋ ಕರೆ. ಅಜ್ಜಿಯ ಸೊಸೆ ಫೋನು ಹಿಡಿದಿದ್ದಳು. ಕೆಂಪಿ ನೆಲಕ್ಕೆ ಒರಗಿ ತಿಣುಕುತ್ತಿತ್ತು. ಕರುವಿನ ಮೂತಿ ಕಾಣುತ್ತಿತ್ತು, ಆದರೆ ಒಂದೇ ಮುಂಗಾಲು ಹೊರಗಿತ್ತು. ಇನ್ನೊಂದು ಒಳಗೇ ಮಡಚಿಕೊಂಡಿದೆ. ನಾನು ಹೊರಟರೂ ಎರಡು ಗಂಟೆಯ ದಾರಿ; ಅಷ್ಟು ಹೊತ್ತು ಕರು ಉಳಿಯುವುದಿಲ್ಲ, ಹಸುವಿನದೂ ಅನುಮಾನ.

"ಅಜ್ಜಿ, ಬೇಗ! ಮೊಣಕೈವರೆಗೆ ಸೋಪು ಹಾಕಿ ತೊಳೆಯಿರಿ, ಎಣ್ಣೆ ಸವರಿಕೊಳ್ಳಿ..."

"ಮೊದ್ಲು ನಂಬರ್ ಏಳಿ ಸಾ."

"ಯಾವ ನಂಬರು?"

"ನಿಮ್ ಬೋರ್ಡಲ್ಲಿ ಇರೋದು. ನಂಬರ್ ಏಳ್ದೇ ಇರೋನ ಮಾತು ಕೇಳ್ಬ್ಯಾಡಿ ಅಂತ ನೀವೇ ಬರ್ಸಿದ್ದೀರಿ. ಓದ ಸಲ ನಂಬರ್ ಕೇಳ್ದೆ ಕೆಟ್ಟೆ."

ಗಾಬರಿಯಲ್ಲಿ ನನ್ನದೇ ಸಂಖ್ಯೆಯನ್ನು ಗಡಬಡಿಸಿ ಹೇಳಿದೆ.

"ಕೊನೇದು ಒಂದಲ್ಲ ಸಾ, ಏಳು. ಓದಕ್ಕೆ ಬರಲ್ಲ ಅಂತ ಸೊಸೆ ಕೈಲಿ ಓದ್ಸಿ ಬಾಯಿಪಾಟ ಮಾಡಿವ್ನಿ. ಸರ್ಯಾಗಿ ಏಳಿ."

ಸರಿಯಾಗಿ ಹೇಳಿದೆ. ಅಷ್ಟರಲ್ಲಿ ಅವರು ಕೈ ತೊಳೆದು ಎಣ್ಣೆ ಸವರಿಯೂ ಆಗಿತ್ತು.

"ನೋವು ನಿಂತಾಗ ಕರುವನ್ನು ಮೆಲ್ಲಗೆ ಒಳಕ್ಕೆ ತಳ್ಳಿ. ಮಂಡಿ ಸಿಕ್ಕಿತೇ? ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮುಂದಕ್ಕೆ ತನ್ನಿ." ಅಜ್ಜಿಯ ಕೈ ಒಂದು ಸಲವೂ ಆತುರಪಡಲಿಲ್ಲ. ಎರಡನೆಯ ಕಾಲು ಹೊರಗೆ ಬಂತು. "ಈಗ ಕೆಂಪಿ ತಿಣುಕಿದಾಗ ಮಾತ್ರ ಎಳೆಯಿರಿ, ಕೆಳಮುಖವಾಗಿ." ಕರು ಜಾರಿ ಬಿತ್ತು, ತಲೆ ಕೊಡವಿತು. ಕೆಂಪಿ ತಿರುಗಿ ನೆಕ್ಕತೊಡಗಿತು. ಇಷ್ಟು ವರ್ಷದ ವೃತ್ತಿಯಲ್ಲಿ ಇಷ್ಟು ಚೊಕ್ಕವಾದ ಕೆಲಸವನ್ನು ನಾನೂ ಮಾಡಿಲ್ಲ. ಕ್ಲಿನಿಕ್ಕಿನಲ್ಲಿ ಒಬ್ಬನೇ ಇದ್ದರೂ ಗೌರವದಿಂದ ಎದ್ದು ನಿಂತೆ.

"ಅಜ್ಜಿ, ಕರುವಿನ ಹೊಕ್ಕುಳಿಗೆ ಹಚ್ಚುವ ಔಷಧಿ ಹೇಳುತ್ತೇನೆ, ಸೊಸೆ ಬರೆದುಕೊಳ್ಳಲಿ."

"ಬ್ಯಾಡಿ ಸಾ."

"ಯಾಕೆ?"

"ಕರನ ನೀವು ಖುದ್ದಾಗಿ ನೋಡಿಲ್ವಲ್ಲ."

ಕಾರಿನ ಕೀಲಿ ತೆಗೆದುಕೊಂಡು, "ಈಗಲೇ ಹೊರಟೆ," ಎಂದೆ.

"ಬನ್ನಿ, ಬನ್ನಿ. ಆದ್ರೆ ಅಂಗಿ ಬದ್ಲಾಯಿಸ್ಕಂಡು ಬನ್ನಿ ಸಾ. ಮೊದಲ್ನೇ ಸಲಕ್ಕೇ ಕರ ಸೀನ್ಬಾರ್ದು."