ಹೊಗೆ ಶುಲ್ಕ

ಎಲ್ಲ ಶುರುವಾದದ್ದು ತ್ಯಾಂಪಣ್ಣ ಇನ್ನೂರು ರೂಪಾಯಿ ಉಳಿಸಲು ಹೋದದ್ದರಿಂದ.

ಸುಳ್ಯಕ್ಕೂ ಕಡಬಕ್ಕೂ ನಡುವಿನ ಮಜಲುಪೇಟೆ ಎಂಬ ಊರು ಹೋದ ವರ್ಷವಷ್ಟೇ ಗ್ರಾಮ ಪಂಚಾಯತ್‌ನಿಂದ ಪಟ್ಟಣ ಪಂಚಾಯತ್ ಆಗಿತ್ತು. ಆ ಸಂಭ್ರಮಕ್ಕೆ ಹಾಕಿದ ಪೆಂಡಾಲಿನ ಬಾಡಿಗೆ ಕೊಡುವಷ್ಟರಲ್ಲಿ ಬೊಕ್ಕಸ ಬರಿದಾಯಿತು. ಆಮೇಲೆ ಒಂದೊಂದೇ ಸೇವೆಗೆ ಶುಲ್ಕ ಬಂತು. ಮನೆ ಎದುರು ಬೀದಿದೀಪ ಉರಿದರೆ ಬೆಳಕಿನ ಶುಲ್ಕ, ಉರಿಯುವುದಿಲ್ಲ ಎಂದು ಹೇಳಲು ಹೋದರೆ ದೂರಿನ ಶುಲ್ಕ. ಬಸ್ ತಂಗುದಾಣದ ಬೆಂಚಿನಲ್ಲಿ ನೆಟ್ಟಗೆ ಕೂತರೆ ಒಂದು ದರ, ಒರಗಿ ಕೂತರೆ ಇನ್ನೊಂದು. ಊರಿನವರು ಗೊಣಗುತ್ತಲೇ ಕೊಟ್ಟರು. ತ್ಯಾಂಪಣ್ಣ ಮಾತ್ರ ಕತ್ತಲೆಯಲ್ಲೇ ನಡೆದರು, ನಿಂತೇ ಬಸ್ಸು ಕಾದರು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು ಅವರು. ಜೀವಮಾನವಿಡೀ ಬೇರೆಯವರಿಂದ ದುಡ್ಡು ಇಸಕೊಂಡು ಅಭ್ಯಾಸವಾದ ಕೈಗೆ ಕೊಡುವುದು ಒಗ್ಗುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಪಂಚಾಯತ್‌ನ ಲತೀಶ್ ಸೊಳ್ಳೆಗೆ ಹೊಗೆ ಬಿಡುವ ಯಂತ್ರವನ್ನು ಹೆಗಲಿಗೇರಿಸಿಕೊಂಡು ಓಣಿಗೆ ಬಂದ. ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಪುಕ್ಕಟೆ ಸಿಗುತ್ತಿದ್ದ ಹೊಗೆಗೆ ಈ ಸಲ ಮನೆಗೆ ಇನ್ನೂರು ರೂಪಾಯಿ.

"ಹೊಗೆಗೆ ದುಡ್ಡು ಕೊಡುದು ಎಂತಕ್ಕೆ? ನಮ್ಮ ಬಚ್ಚಲೊಲೆಯಲ್ಲೇ ಬೇಕಾದಷ್ಟು ಉಂಟು," ಎಂದರು ತ್ಯಾಂಪಣ್ಣ.

ಲತೀಶ್ ಮರ್ಯಾದಸ್ಥ, ವಾದಿಸಲಿಲ್ಲ. ತ್ಯಾಂಪಣ್ಣನ ಕಂಪೌಂಡಿನ ಮೂಲೆ ಬಂದ ಕೂಡಲೇ ಯಂತ್ರ ಆಫ್ ಮಾಡಿ, ಸಾವಿನ ಮನೆ ಎದುರು ಬ್ಯಾಂಡಿನವರು ಹಾದುಹೋಗುವ ಹಾಗೆ ಸದ್ದಿಲ್ಲದೆ ದಾಟಿ, ಆಚೆ ಮೂಲೆಯಲ್ಲಿ ಮತ್ತೆ ಆನ್ ಮಾಡಿದ.

ಎಡಗಡೆ ಬ್ಯಾಂಕಿನಿಂದ ನಿವೃತ್ತರಾದ ಉದಯಶಂಕರ ಭಟ್ಟರ ಮನೆ, ಬಲಗಡೆ ಹೊಲಿಗೆ ಮಾಡುವ ಮುಫೀದಾಳ ಮನೆ. ಎರಡೂ ಕಡೆ ಬಿಳಿ ಹೊಗೆ ಎದ್ದಿತು. ಅಲ್ಲಿನ ಸೊಳ್ಳೆಗಳಲ್ಲಿ ಕೆಲವು ಸತ್ತವು, ಉಳಿದವು ಒಂದು ಗಳಿಗೆ ಗಾಳಿಯಲ್ಲೇ ನಿಂತು ಯೋಚಿಸಿದವು. ಆಮೇಲೆ, ಕೆಟ್ಟು ನಿಂತ ಬಸ್ಸಿನ ಜನ ಹಿಂದಿನ ಬಸ್ಸಿಗೆ ನುಗ್ಗುವ ಹಾಗೆ, ಒಟ್ಟಾಗಿ ತ್ಯಾಂಪಣ್ಣನ ಮನೆಗೆ ನುಗ್ಗಿದವು.

ತಿಂಡಿಯ ಹೊತ್ತಿಗೆ ಮನೆಯೊಳಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಹೆಂಡತಿ ವಾರಿಜಾಕ್ಷಿ ಒಂದು ಕೈಯಲ್ಲಿ ನೀರುದೋಸೆ ಎರೆಯುತ್ತ ಇನ್ನೊಂದು ಕೈಯಲ್ಲಿ ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದರು. ದೋಸೆಯಲ್ಲಿ ಜೀರಿಗೆಯ ಹಾಗೆ ಕಂಡದ್ದು ಜೀರಿಗೆಯಾಗಿರಲಿಲ್ಲ. ತ್ಯಾಂಪಣ್ಣ ಒಣ ತೆಂಗಿನ ಸಿಪ್ಪೆಗೆ ಬೆಂಕಿ ಕೊಟ್ಟು ಮನೆಯಿಡೀ ಹೊಗೆ ಹಾಕಿದರು. ಸೊಳ್ಳೆಗಳಿಗೆ ಏನೂ ಆಗಲಿಲ್ಲ, ವಾರಿಜಾಕ್ಷಿಗೆ ಕೆಮ್ಮು ಹಿಡಿಯಿತು. ಅವರು ಕೆಮ್ಮುತ್ತಲೇ ಬ್ಯಾಗಿಗೆ ಸೀರೆ ತುಂಬಿದರು.

"ನಾನು ಆಲೆಟ್ಟಿಗೆ, ತಮ್ಮನ ಮನೆಗೆ ಹೋಗ್ತೇನೆ. ಸೊಳ್ಳೆ ಹೋದ ಮೇಲೆ ಫೋನ್ ಮಾಡಿ. ಹೋಗದಿದ್ರೆ ನೀವೂ ಅವೂ ಸುಖವಾಗಿರಿ."

ತ್ಯಾಂಪಣ್ಣನಿಗೆ ಚಾ ಬಿಟ್ಟರೆ ಬೇರೇನೂ ಮಾಡಲು ಬರುತ್ತಿರಲಿಲ್ಲ. ಅದೂ ವಾರಿಜಾಕ್ಷಿ ಹಾಲು ಕಾಯಿಸಿಟ್ಟಿದ್ದರೆ ಮಾತ್ರ. ಮಧ್ಯಾಹ್ನದ ಊಟ ನೆನಪಾಗಿ ಅವರ ಹಟ ಸಡಿಲವಾಯಿತು. ಲತೀಶನನ್ನು ಹುಡುಕಲು ಹೊರಡುವಾಗ ಗೇಟಿನಲ್ಲಿ ಉದಯಶಂಕರರೂ ಮುಫೀದಾಳೂ ನಿಂತಿದ್ದರು. ತ್ಯಾಂಪಣ್ಣನ ಮನೆಯ ಸೊಳ್ಳೆಗಳು ಕಂಪೌಂಡು ದಾಟಿ ಬರುತ್ತಿವೆ ಎಂದು ಉದಯಶಂಕರರ ದೂರು. ಮದುವೆ ರವಿಕೆಗೆ ಅಳತೆ ತೆಗೆಯುವಾಗ ಸೊಳ್ಳೆ ಕಚ್ಚಿ ಹುಡುಗಿ ಹಾರಿದ್ದರಿಂದ, ಕತ್ತರಿಸಿದ ಬಟ್ಟೆ ಈಗ ಅವಳ ಅಜ್ಜಿಗೂ ದೊಗಳೆ ಆಗುತ್ತದೆ ಎಂದು ಮುಫೀದಾಳ ದೂರು. ಬೆಳಿಗ್ಗೆಯವರೆಗೆ ನಿಮ್ಮಲ್ಲೇ ಇದ್ದ ಸೊಳ್ಳೆ ಇವು, ಬೇಕಾದರೆ ವಾಪಸ್ ಕರಕೊಂಡು ಹೋಗಿ ಎಂದರು ತ್ಯಾಂಪಣ್ಣ.

"ನಾವು ದುಡ್ಡು ಕೊಟ್ಟು ಓಡಿಸಿದ್ದು ಮಾರಾಯ್ರೆ. ಓಡಿಸಿದ ಮೇಲೆ ನಮ್ಮದಲ್ಲ," ಎಂದರು ಉದಯಶಂಕರ. "ನಿಮಗೆ ಸಾಕುದಾದ್ರೆ ಒಳಗೆ ಕಟ್ಟಿ ಸಾಕಿ."

ಮಾತಿಗೆ ಮಾತು ಬೆಳೆದು ಮೂವರೂ ಪಂಚಾಯತ್ ಕಚೇರಿಗೆ ಹೋದರು. ಅಲ್ಲಿನ ಮುಖ್ಯಾಧಿಕಾರಿ ಹಿಂದೆ ಕೊಯಿಲದ ಜಾನುವಾರು ಫಾರ್ಮಿನಲ್ಲಿ ಇದ್ದು ಬಂದವರು. ಅಹವಾಲು ಕೇಳುವ ಶುಲ್ಕ ಪಡೆದ ಮೇಲೆ ಕಿವಿ ಕೊಟ್ಟರು, ಇನ್ನೊಂದು ಶುಲ್ಕ ಪಡೆದ ಮೇಲೆ ಫ್ಯಾನ್ ಹಾಕಿಸಿದರು. ತ್ಯಾಂಪಣ್ಣ ಇನ್ನೂರು ರೂಪಾಯಿ ಮೇಜಿನ ಮೇಲಿಟ್ಟು ನನ್ನ ಮನೆಗೂ ಹೊಗೆ ಬಿಡಿಸಿ ಎಂದರು. ಒಮ್ಮೆ ದಾಟಿಹೋದ ಮನೆಗೆ ಯಂತ್ರ ಪುನಃ ಬರಬೇಕಾದರೆ ನಾನೂರು ಎಂದರು ಅಧಿಕಾರಿ. ತ್ಯಾಂಪಣ್ಣನ ಕೈ ತಾನಾಗಿಯೇ ನೋಟನ್ನು ಹಿಂದಕ್ಕೆ ಎಳೆದುಕೊಂಡಿತು.

ಉದಯಶಂಕರ ನಕ್ಕರು. "ಬಿಡಿ ಸಾರ್, ಅವರಿಗೆ ಸೊಳ್ಳೆ ಅಂದ್ರೆ ಮಕ್ಕಳಿದ್ದ ಹಾಗೆ."

ತ್ಯಾಂಪಣ್ಣನಿಗೆ ಸಿಟ್ಟು ನೆತ್ತಿಗೇರಿತು. "ಹೌದು, ನನ್ನದೇ ಸೊಳ್ಳೆ. ಎಂತ ಈಗ?"

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಪಟ್ಟಣದ ವ್ಯಾಪ್ತಿಯಲ್ಲಿ ಪ್ರಾಣಿ ಸಾಕುವುದಾದರೆ ಲೈಸೆನ್ಸ್ ಬೇಕು, ನೂರು ರೂಪಾಯಿ ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ. ತಮಾಷೆಗೆ ಇನ್ನೂ ದರ ನಿಗದಿಯಾಗಿರಲಿಲ್ಲ.

ಬೈಯಲು ಬಾಯಿ ತೆರೆದ ತ್ಯಾಂಪಣ್ಣನಿಗೆ ಅಷ್ಟರಲ್ಲಿ ಒಂದು ಉಪಾಯ ಹೊಳೆಯಿತು. ಸೊಳ್ಳೆ ತನ್ನದೆಂದಾದರೆ, ಈ ಇಬ್ಬರೂ ಬೆಳಿಗ್ಗೆ ವಿಷದ ಹೊಗೆ ಹಾಕಿ ಕೊಂದದ್ದು ತನ್ನ ಪ್ರಾಣಿಗಳನ್ನೇ. ಪರಿಹಾರ ಕೊಡಬೇಡವೆ? ಗಂಟಲು ಸರಿಮಾಡಿಕೊಂಡು ಅದನ್ನೇ ಕೇಳಿದರು. ಮುಫೀದಾ ಉದಯಶಂಕರರ ಮುಖ ನೋಡಿದಳು. ಉದಯಶಂಕರ ಕನ್ನಡಕ ತೆಗೆದು ಒರೆಸತೊಡಗಿದರು.

ದನಕ್ಕೆ ವಿಷ ಹಾಕಿದರೆ ಪರಿಹಾರ ಇದ್ದೇ ಇದೆ ಎಂದು ಅಧಿಕಾರಿ ಒಪ್ಪಿದರು. ಆದರೆ ಲೈಸೆನ್ಸ್ ಆಗುವುದು ಈಗ, ಸೊಳ್ಳೆ ಸತ್ತದ್ದು ಬೆಳಿಗ್ಗೆ. ಬೆಳಿಗ್ಗೆಯಿಂದಲೇ ಅನ್ವಯವಾಗುವ ಹಾಗೆ ಬರೆಯಬೇಕಾದರೆ ಐನೂರು ಹೆಚ್ಚು. ತ್ಯಾಂಪಣ್ಣ ಚೌಕಾಸಿ ಮಾಡಲಿಲ್ಲ. ಜೀವನದಲ್ಲಿ ಮೊದಲ ಸಲ ನಗುನಗುತ್ತ ದುಡ್ಡು ಕೊಟ್ಟರು. ಸೂರ್ಯೋದಯದಿಂದ ಇಡೀ ಓಣಿಯ ಸೊಳ್ಳೆಗಳಿಗೆ ತಾವೇ ಮಾಲೀಕರು ಎಂಬ ಕಾಗದಕ್ಕೆ ಸೀಲು ಬಿತ್ತು.

ಉದಯಶಂಕರ ಕನ್ನಡಕ ಹಾಕಿಕೊಂಡರು. "ಸಾರ್, ಒಂದು ಸಂಶಯ. ಬೆಳಿಗ್ಗೆ ಅವರ ಪ್ರಾಣಿಗಳು ನಮ್ಮ ಮನೆಯೊಳಗೆ ಎಂತ ಮಾಡ್ತಾ ಇದ್ದದ್ದು?"

ಅಧಿಕಾರಿಯ ಮುಖ ನಿಧಾನವಾಗಿ ಅರಳಿತು. ಅವು ಬೀಡಾಡಿ ಪ್ರಾಣಿಗಳು ಎಂದಾಯಿತು. ಬೀಡಾಡಿ ಪ್ರಾಣಿಗಳಿಗೆ ಪರಿಹಾರ ಇಲ್ಲ. ಅವನ್ನು ತೆರವು ಮಾಡಿದ ಖರ್ಚು ಮಾಲೀಕನದ್ದು. ಓಣಿಯ ಎಲ್ಲ ಮನೆಯವರು ಕಟ್ಟಿದ ಹೊಗೆ ಶುಲ್ಕವನ್ನು ತ್ಯಾಂಪಣ್ಣನಿಂದ ವಸೂಲು ಮಾಡಿ ಅವರವರಿಗೆ ಹಿಂದಿರುಗಿಸಬೇಕು. ಮುಫೀದಾ ರವಿಕೆ ಬಟ್ಟೆಯನ್ನೂ ಸೇರಿಸಿ ಎಂದಳು, ಸೇರಿಸಿದರು.

ತ್ಯಾಂಪಣ್ಣ ಎಟಿಎಮ್ಮಿಗೆ ಹೋಗಿ ಬಂದರು. ಎಲ್ಲ ಕಟ್ಟಿ ಮುಗಿದ ಮೇಲೆ, ಆ ನಾನೂರನ್ನೂ ಕೊಡ್ತೇನೆ, ಇನ್ನಾದರೂ ಲತೀಶನನ್ನು ಕಳಿಸಿ ಎಂದು ಬೇಡಿಕೊಂಡರು. ಅಧಿಕಾರಿ ಗಾಬರಿಯಾದರು. "ಲೈಸೆನ್ಸ್ ಇರುವ ಪ್ರಾಣಿಗೆ ವಿಷ ಹಾಕುದಾ? ಕೇಸಾಗ್ತದೆ ತ್ಯಾಂಪಣ್ಣ."

ಮನೆಗೆ ಬಂದು ಖಾಲಿ ಹೊಟ್ಟೆಯಲ್ಲಿ ಜಗಲಿಯಲ್ಲಿ ಕೂತರು. ಆಲೆಟ್ಟಿಯಿಂದ ಫೋನ್ ಬಂತು. ಸೊಳ್ಳೆ ಹೋಗಿರಲಿಲ್ಲ, ಎತ್ತಲಿಲ್ಲ. ಸಂಜೆ ಲತೀಶ್ ಗೇಟು ತೆರೆದು ಒಳಗೆ ಬಂದ. ಹೆಗಲಲ್ಲಿ ಯಂತ್ರವಿರಲಿಲ್ಲ, ಕೈಯಲ್ಲಿ ಒಂದು ಗೋಣಿಚೀಲವಿತ್ತು. ಅದರ ತುಂಬ ದನಗಳ ಕಿವಿಗೆ ಹಾಕುವ ಹಳದಿ ಬಿಲ್ಲೆಗಳು. ನಾಳೆಯೊಳಗೆ ಎಲ್ಲದಕ್ಕೂ ಹಾಕಿ ಮುಗಿಸಬೇಕಂತೆ, ಕಡಿಮೆಯಾದರೆ ಇನ್ನೊಂದು ಚೀಲ ಉಂಟಂತೆ ಎಂದ.

ಅಷ್ಟರಲ್ಲಿ ಒಂದು ಸೊಳ್ಳೆ ಬಂದು ತ್ಯಾಂಪಣ್ಣನ ಮೊಣಕೈ ಮೇಲೆ ಕೂತಿತು. ಅವರು ಕೈ ಎತ್ತಿದರು.

"ಹೊಡೀಬೇಡಿ," ಎಂದ ಲತೀಶ್ ಮೆಲ್ಲಗೆ. "ಕೊಂದ್ರೆ ಅದಕ್ಕೆ ಬೇರೆ ಶುಲ್ಕ ಉಂಟು."

ತ್ಯಾಂಪಣ್ಣ ಕೈ ಇಳಿಸಿ, ಉಫ್ ಎಂದು ಊದಿದರು. ಸೊಳ್ಳೆ ಎದ್ದು, ಅಂಗಳದಲ್ಲಿ ಒಂದು ಸುತ್ತು ಹಾಕಿ, ನೇರ ಉದಯಶಂಕರರ ಮನೆಯ ಕಡೆ ಹಾರಿತು. ತ್ಯಾಂಪಣ್ಣ ಪಂಚೆ ಎತ್ತಿ ಕಟ್ಟಿ ಅದರ ಹಿಂದೆ ಓಡಿದರು.